ಸೀಮೋಲ್ಲಂಘನ ಮೀಮಾಂಸೆ

ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪಾಂಬುಧಿಯ ಬಳಿ, ಹಲಸೂರು ಕೆರೆಯ ಪಕ್ಕದಲ್ಲಿ ಹಾಗೂ ಮೇಖ್ರಿ ವೃತ್ತದ ಸಮೀಪದಲ್ಲಿ ನಿಂತಿರುವ ಗೋಪುರಗಳು ಬೆಂಗಳೂರಿನ ಬೆಳವಣಿಗೆಗೆ ಎಲ್ಲೆಯೆಂದು ಕೆಂಪೇಗೌಡರ ಮನೆತನದವರು ಕಟ್ಟಿಸಿದವೆಂದೂ, ಅವನ್ನು ದಾಟಿ ಊರು ಹಬ್ಬಿದರೆ ಕೇಡು ತಪ್ಪದೆಂದೂ ಐತಿಹ್ಯವುಂಟು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ವಿದ್ವತ್ತಿನ ಲಕ್ಷಣವಲ್ಲ. ನಾಲ್ಕೂ ಗೋಪುರಗಳು ಇಂದು ನಗರದ ಒಡಲೊಳಗೇ ಇರುವುದರಿಂದ, ಎಲ್ಲೆಯೆಂಬುದು ಊರಿನ ಹೊರಗಲ್ಲ, ಒಳಗಿರತಕ್ಕ ಪದಾರ್ಥವೆಂಬ ಪ್ರಥಮ ಸಿದ್ಧಾಂತವು ಅವುಗಳಿಂದಲೇ ಸ್ಥಾಪಿತವಾಗುತ್ತದೆ.

ಇನ್ನು ಪೂರ್ವಪಕ್ಷ. ಯೋಜನಾ ನಕ್ಷೆಯಲ್ಲಿ ರಸ್ತೆಯ ಆಚೆಯ ಹೊಲಕ್ಕೆ ವಸತಿಯ ಹಳದಿಯನ್ನೂ ಈಚೆಯದಕ್ಕೆ ಕೃಷಿಯ ಹಸಿರನ್ನೂ ಬಳಿದರೆ, ಹಳದಿಯವನು ನಿವೇಶನ ಮಾರಿ ಕೋಟ್ಯಧೀಶನಾಗುವನು. ಹಸಿರಿನವನು ಸಮಸ್ತ ನಗರಕ್ಕೂ ಪ್ರಾಣವಾಯುವನ್ನು ಧರ್ಮಾರ್ಥವಾಗಿ ಒದಗಿಸುತ್ತ ರಾಗಿ ಬೆಳೆಯುತ್ತಿರುವನು. ಕುಂಚ ಹಿಡಿದವನ ಮುಂಗೈಯ ಒಲವಿನಿಂದ ಒಬ್ಬನ ಜಾತಕ ನಿರ್ಣಯವಾಗುವುದು ನ್ಯಾಯವೇ ಎಂಬ ಆಕ್ಷೇಪಕ್ಕೆ ನಮ್ಮ ಯೋಜನಾಶಾಸ್ತ್ರವು ಸಮಾಧಾನ ಹೇಳಿಲ್ಲವಾದುದರಿಂದ ಲೋಕವೇ ಒಂದನ್ನು ಕಂಡುಕೊಂಡಿತು: ಹಸಿರು ಹೊಲವನ್ನು ಗುಂಟೆಗುಂಟೆಯಾಗಿ ಕತ್ತರಿಸಿ ರೆವಿನ್ಯೂ ಸೈಟೆಂದು ಮಾರುವುದು.

ಮುಂದಿನ ಪ್ರಕರಣವು ತಾರ್ಕಿಕರಿಗೆ ಪರಮಪ್ರಿಯವಾದುದು. ನೈಯಾಯಿಕರು ನಿರೂಪಿಸಿದ ನಾಲ್ಕು ಬಗೆಯ ಅಭಾವಗಳಿಗೂ ಈ ನಗರದಲ್ಲಿ ಪ್ರತ್ಯಕ್ಷ ಪ್ರಮಾಣವಿದೆ. ಧರ್ಮಾಂಬುಧಿ ಕೆರೆಯು ಬಸ್ ನಿಲ್ದಾಣವಾಗಿಯೂ ಸಂಪಂಗಿ ಕೆರೆಯು ಕ್ರೀಡಾಂಗಣವಾಗಿಯೂ ಪರಿಣಮಿಸಿದುದು ಪ್ರಧ್ವಂಸಾಭಾವ, ಎಂದರೆ ಇದ್ದುದು ಅಳಿದು ಇಲ್ಲವಾದುದು. (ಇವೆರಡನ್ನೂ ನುಂಗಿದುದು ಬಿಲ್ಡರುಗಳಲ್ಲ, ಆಳುವವರೇ ಎಂದು ಬಿಲ್ಡರುಗಳು ನೆನಪಿಸದೆ ಬಿಡುವುದಿಲ್ಲ, ಅವರ ಮಾತು ನಿಜ.) ಮಂಜೂರಾದ ಪ್ಲಾನು ಕಟ್ಟಡವಲ್ಲ, ಕಟ್ಟಡವು ಪ್ಲಾನಲ್ಲ ಎಂಬುದು ಅನ್ಯೋನ್ಯಾಭಾವ. ಗೋಡೆಗೂ ಕಾಂಪೌಂಡಿಗೂ ನಡುವಣ ಸೆಟ್‌ಬ್ಯಾಕು ಅತ್ಯಂತಾಭಾವ, ಮೂರು ಕಾಲಕ್ಕೂ ಇಲ್ಲದ್ದು. ಬಡಾವಣೆಗೆ ಬರಬೇಕಾದ ಒಳಚರಂಡಿಯದು ಪ್ರಾಗಭಾವ, ಹುಟ್ಟುವ ಮುನ್ನಿನ ಇಲ್ಲದಿರುವಿಕೆ; ಅದಕ್ಕೆ ಆದಿಯಿಲ್ಲ, ಅಂತ್ಯವುಂಟು ಎಂದು ಶಾಸ್ತ್ರ. ನಿವಾಸಿಗಳು ಪೂರ್ವಾರ್ಧವನ್ನು ಮಾತ್ರ ಒಪ್ಪುತ್ತಾರೆ.

ಕೆರೆಯಂಚಿನಲ್ಲಿ ನಗರಯೋಜನೆಯು ಕಟ್ಟಡಕ್ಕೆ ಎಡೆಯಿಲ್ಲದಂತೆ 30 ಮೀಟರು ಬಿಡಿಸಿದ್ದುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ 75ಕ್ಕೆ ಏರಿಸಿತು; 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಏರಿಕೆಯನ್ನು ರದ್ದುಗೊಳಿಸಿತು. ನಡುವಣ 45 ಮೀಟರು ಭೂಮಿ ಆ ಮೂರು ವರ್ಷ ಸತ್ತೋ ಅಸತ್ತೋ ಎಂಬುದು ಅದ್ವೈತಿಗಳಿಗೆ ಬಿಟ್ಟ ವಿಚಾರ.

ಇನ್ನುಳಿದುದು ಪ್ರಾಯಶ್ಚಿತ್ತಕಾಂಡ, ಎಂದರೆ ಅಕ್ರಮ-ಸಕ್ರಮ. ವಾಸದ ಕಟ್ಟಡದಲ್ಲಿ ನೂರಕ್ಕೆ 50ರವರೆಗೆ, ಇತರ ಕಟ್ಟಡಗಳಲ್ಲಿ 25ರವರೆಗೆ ಮಾಡಿದ ಉಲ್ಲಂಘನೆಯು ದಂಡ ತೆತ್ತರೆ ಪರಿಹಾರವಾಗುವುದೆಂದು ವಿಧಿಸಿದ ಈ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆ ನೀಡಿತು. ನಿಯಮದಂತೆ ಜಾಗ ಬಿಟ್ಟು, ಮನೆಯನ್ನು ಕಿರಿದಾಗಿಸಿಕೊಂಡ ಗೃಹಸ್ಥನಿಗೆ ಮಾತ್ರ ಈ ಕಾಂಡದಲ್ಲಿ ಒಂದು ಸೂತ್ರವೂ ಇಲ್ಲ. ಪಾಪವಿಲ್ಲದವನಿಗೆ ಪ್ರಾಯಶ್ಚಿತ್ತದ ಫಲವೆಲ್ಲಿಯದು?

ಹಸಿರು ಹೊಲದವನ ಆಕ್ಷೇಪಕ್ಕೆ ಸಮಾಧಾನವು ಅನ್ಯತ್ರ ಉಂಟು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಮಾಂಟ್‌ಗೊಮರಿ ಕೌಂಟಿಯು 1980ರಲ್ಲಿ ತನ್ನ ಹೊಲಗಳ ಮೇಲೆ ಮನೆ ಕಟ್ಟುವುದನ್ನು ಬಿಗಿಯಾಗಿ ಮಿತಗೊಳಿಸಿದಾಗ, ರೈತನಿಗೆ ಐದು ಎಕರೆಗೊಂದರಂತೆ ಕಟ್ಟುವ ಹಕ್ಕನ್ನು ಕೊಟ್ಟು, ಪಟ್ಟಣದತ್ತ ಕಟ್ಟುವ ಡೆವಲಪರನಿಗೆ ಅದನ್ನು ಮಾರಿಕೊಳ್ಳಲು ಬಿಟ್ಟಿತು. ರಸ್ತೆಗೆ ಜಾಗ ಬಿಟ್ಟವನಿಗೆ ಇಂಥದೇ ಹಕ್ಕುಪತ್ರ ಕೊಡುವ ವಿಧಿ ನಮ್ಮ ಕಾಯಿದೆಯಲ್ಲಿಯೂ ಇದೆ. ಹಸಿರು ಪಟ್ಟಿಯ ರೈತನಿಗೂ ಅದನ್ನು ವಿಸ್ತರಿಸತಕ್ಕದ್ದೆಂಬುದೇ ಈ ಪ್ರಬಂಧಕಾರನ ನಿರ್ಣಯ. ನಮ್ಮ ಶಾಸ್ತ್ರಕಾರರು ಒಪ್ಪುವ ಸಂಭವ ಕಡಿಮೆ. ಅದರಲ್ಲಿ ತಪ್ಪಿದವನಿಂದ ಬರುವ ದಂಡವಿಲ್ಲ, ತಪ್ಪದವನಿಗೆ ಸಲ್ಲಬೇಕಾದ ಬಾಕಿ ಮಾತ್ರ ಇದೆ.