ಫೈನಲ್ ಅಲ್ರಿ, ಡೆಮೊ

ಹಾರ್ಡ್ ರಾಕ್ ಹುಡುಗರು ಬೆಂಗಳೂರಿನಲ್ಲಷ್ಟೇ ಇರುತ್ತಾರೆ ಎಂದು ನಂಬಿದವರು ಕುಂದಗೋಳದ ಸಂತೆಯಲ್ಲಿ ಅರ್ಧ ತಾಸು ನಿಲ್ಲಬೇಕು. ಕರಿ ಟೀ ಶರ್ಟು, ಅದರ ಮೇಲೊಂದು ತಲೆಬುರುಡೆ, ಹೆಗಲಿಗೆ ಗಿಟಾರ್ ಚೀಲ, ಕೈಯಲ್ಲಿ ಅವ್ವ ತರಹೇಳಿದ ಮೆಂತ್ಯದ ಸಿವುಡು. ಇವನನ್ನು ಗುರುತಿಸುವುದು ಸುಲಭ, ತಪ್ಪಿಸಿಕೊಳ್ಳುವುದು ಕಷ್ಟ. ಅವನ ಫೋನಿನಲ್ಲಿ ಒಂದು ಡೆಮೊ ಇರುತ್ತದೆ.

ನವಲಗುಂದದಲ್ಲಿ ಸಿಗಲಿ, ಕಲಘಟಗಿಯಲ್ಲಿ ಸಿಗಲಿ, ಲಕ್ಷಣ ಒಂದೇ. ಐರನ್ ಮೇಡನ್ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಇವನು ಅಂಗನವಾಡಿಯಲ್ಲಿದ್ದ. 2011ರಲ್ಲಿ ಮೆಟಾಲಿಕಾ ಬಂದಾಗ ಮಗ್ಗಿ ಒಪ್ಪಿಸುತ್ತಿದ್ದ. ಆದರೂ ಆ ಎರಡು ರಾತ್ರಿಗಳ ವರ್ಣನೆಯನ್ನು ಇವನ ಬಾಯಿಂದಲೇ ಕೇಳಬೇಕು. ಊರಲ್ಲಿ ಯಾರಾದರೂ ಮೂಗು ಮುರಿದರೆ, ರಘು ದೀಕ್ಷಿತ್ ಶರೀಫಜ್ಜನ ಪದವನ್ನು ಗಿಟಾರಿಗೆ ಏರಿಸಿದ್ದನ್ನು ಗುರಾಣಿಯಂತೆ ಹಿಡಿಯುತ್ತಾನೆ. ಇವನು ಬರೆಯುವ ಹಾಡೆಲ್ಲ ಇಂಗ್ಲಿಷಿನವು.

ನನಗೆ ಗಂಟುಬಿದ್ದವನು ಕುಂದಗೋಳ ತಾಲ್ಲೂಕಿನವ. ಹಾಡು ಒಂಬತ್ತು ನಿಮಿಷದ್ದು.

"ಹೆಡ್‌ಫೋನ್ ಹಾಕ್ಕೊಂಡ ಕೇಳ್ರಿ ಸರ. ಫೋನ್ ಸ್ಪೀಕರ್‌ನ್ಯಾಗ ಬೇಸ್ ಬರೂದಿಲ್ಲ."

ಹಾಕಿಕೊಂಡೆ. ಆಗಲೂ ಬೇಸ್ ಬರಲಿಲ್ಲ.

"ಬೇಸ್‌ನವ ಆವತ್ತ ಬಂದಿದ್ದಿಲ್ಲರಿ. ಕಡ್ಲಿ ರಾಶಿ ಇತ್ತು."

ಡ್ರಮ್ಮರ್ ಹುಬ್ಬಳ್ಳಿಯಲ್ಲಿ ಟಾಟಾ ಏಸ್ ಓಡಿಸುತ್ತಾನಂತೆ. ಡ್ರಮ್ಸ್ ಬಾರಿಸಿದ್ದು ಲ್ಯಾಪ್‌ಟಾಪು. ರೆಕಾರ್ಡಿಂಗ್ ನಡೆದದ್ದು ಬ್ಯಾಡಗಿ ಮೆಣಸಿನಕಾಯಿ ಚೀಲ ಒಟ್ಟಿದ ಒಳಕೋಣೆಯಲ್ಲಿ. ಗೋಡೆ ಮರುದನಿ ಕೊಡಬಾರದೆಂದು ಮನೆಯ ಎರಡು ನವಲಗುಂದ ಜಮಖಾನೆ ತೂಗುಹಾಕಿದ್ದ. ಇಡೀ ಕೆಲಸದಲ್ಲಿ ತಾಂತ್ರಿಕವಾಗಿ ಸರಿಯಾದದ್ದು ಅದೊಂದೇ. ಆಂಪ್ಲಿಫೈಯರ್ ಇಲ್ಲದೆ ನೇರ ಲ್ಯಾಪ್‌ಟಾಪಿಗೆ ಚುಚ್ಚಿದ ಗಿಟಾರು ತಗಡಿನ ಡಬ್ಬಿಯಲ್ಲಿ ಸಿಕ್ಕ ದುಂಬಿಯಂತೆ ಗುಂಯ್ಗುಡುತ್ತಿತ್ತು. ಕತ್ತಲೆ, ಬೆಂಕಿ, ಸಂಕೋಲೆ ಎಂದು ಇಂಗ್ಲಿಷಿನಲ್ಲಿ ಕೂಗಾಟ. ಆರನೇ ನಿಮಿಷದಲ್ಲಿ ಗಂಟಲು ಗರಗರ ಒಡೆದು ಜೀವ ತುಂಬಿ ಬಂತು. "ಇಲ್ಲಿ ಭಾರಿ ಐತಿ" ಎಂದೆ. "ಅದು ಮೆಣಸಿನಕಾಯಿ ಘಾಟ್ ರಿ" ಎಂದ.

ಅಷ್ಟರಲ್ಲೇ ಗಿಟಾರನ್ನು ಸೀಳಿಕೊಂಡು ಒಂದು ಹೆಣ್ಣುದನಿ: "ಉಣ್ಣಾಕ ಬರ್ತೀಯೋ ಇಲ್ಲೋ?" ಸ್ಪಷ್ಟ ಉಚ್ಚಾರ, ಸರಿಯಾದ ಸ್ಥಾಯಿ, ಸಮಕ್ಕೆ ಬಿದ್ದ ಮಾತು.

"ಅದನ್ನ ತಗೀತೇನ್ರಿ. ನಾಯ್ಸ್ ಅದು. ಇದು ಫೈನಲ್ ಅಲ್ರಿ, ಡೆಮೊ."

ಅದನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆ ಎಂಬ ಮಾತು ತುಟಿಯ ತನಕ ಬಂದಿತ್ತು. ಅದನ್ನು ನುಂಗಿ ಉಪದೇಶಕ್ಕಿಳಿದೆ. ತಮ್ಮಾ, ಇದು ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಇಲ್ಲಿಗೆ ಪಾಠಕ್ಕೆ ಬರುತ್ತಿದ್ದರು. ಭೀಮಸೇನ ಜೋಶಿ ಇಲ್ಲೇ ಗುರುಗಳ ಮನೆಯಲ್ಲಿ ದುಡಿದು ಕಲಿತರು. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಅಷ್ಟರಲ್ಲೇ ರಾಗ ನಿಲ್ಲಿಸಬೇಕು, ಆಮೇಲೆ ತಿದ್ದುವಂತಿಲ್ಲ, ಅಳಿಸುವಂತಿಲ್ಲ. ಹಾರ್ಮೋನಿಯಂ ಕ್ಲಾಸನ್ನು ಸರಳೆಯಲ್ಲೇ ಬಿಟ್ಟು ಓಡಿಬಂದ ನಾನು ಇಷ್ಟನ್ನೂ ಕಣ್ಣುಮುಚ್ಚಿ, ತಲೆದೂಗುತ್ತ ಹೇಳಿದೆ.

ಹುಡುಗ ಕೈಕಟ್ಟಿ ಕೇಳಿದ. "ಖರೆ ಐತ್ರಿ. ಅವರನ್ನ ರೆಕಾರ್ಡ್ ಕಂಪನಿಯವ್ರು ಕರ್ದು ಹಾಡಸ್ತಿದ್ರು. ನಮ್ಮನ್ನ ಯಾರ ಕರೀತಾರ್ರಿ?"

ಉತ್ತರ ಹೊಳೆಯಲಿಲ್ಲ. ನಾಡಿಗೇರ ವಾಡೆಯಲ್ಲಿ ಖ್ಯಾಲು ಕೇಳುತ್ತ ಬೆಳಗು ಮಾಡುವ ಊರು ಇದು. ಕಿವಿಗೇನೂ ಬರವಿಲ್ಲ. ಆದರೆ ಇವನ ಬ್ಯಾಂಡಿನ ನಾಲ್ವರು ಒಟ್ಟಿಗೆ ನಿಂತು ನುಡಿಸಲು ಒಂದು ಕೋಣೆಯಿಲ್ಲ, ಕೋಣೆ ಸಿಕ್ಕ ದಿನ ಕರೆಂಟಿಲ್ಲ, ಎರಡೂ ಕೂಡಿ ಬಂದ ದಿನ ಸುಗ್ಗಿ. ಬ್ಯಾಂಡು ಎನ್ನುವುದು ಒಬ್ಬನೇ ಕೂತು ತಿದ್ದುವುದರಿಂದ ಆಗುವಂಥದ್ದಲ್ಲ.

ಡೆಮೊ ಕೆಟ್ಟದಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಅದು ನಿಮ್ಮ ಫೋನಿಗೂ ಬಂದೀತು. ಬಂದರೆ "ಚಲೋ ಐತಿ" ಎಂದು ಹೆಬ್ಬೆರಳು ಒತ್ತಿ ಕೈತೊಳೆದುಕೊಳ್ಳಬೇಡಿ. ಎರಡನೇ ತಂತಿ ಶ್ರುತಿ ಇಳಿದಿದೆ, ಹಾಡನ್ನು ಅರ್ಧಕ್ಕೆ ಕತ್ತರಿಸು ಎಂದು ನೇರ ಹೇಳಿ. ಹಾಗೆಯೇ ಈ ಸಲದ ಗಣಪತಿಗೆ ಡಿಜೆಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ತೆಗೆದಿಟ್ಟು, ನಾಲ್ವರನ್ನೂ ಒಂದು ಸಂಜೆ ವೇದಿಕೆ ಹತ್ತಿಸಿ.