ಹಿಂಡೂದಿದ್ರ ಈಗ ಹಿಂಡ್ರಿ!

ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಶನಿವಾರ ಸಂಜೆ. ಯಜಮಾನರು ಡೈಕಿರಿ ಕಾಕ್‌ಟೇಲ್ ಮಾಡುವ ಉಮೇದಿನಲ್ಲಿ ಹೊಸ ಶೇಕರ್ ತೊಳೆಯುತ್ತಿದ್ದಾರೆ. ಹಲಗೆಯ ಮೇಲೆ ಕೂತಿದ್ದ ಇಂಡಿಯ ಲಿಂಬೆಹಣ್ಣು ಸಂದರ್ಶನಕ್ಕೆ ಒಪ್ಪಿತು. ಸಮಯ ಹೆಚ್ಚಿರಲಿಲ್ಲ.

ನಿಮ್ಮ ಹಿನ್ನೆಲೆ?

ವಿಜಯಪುರ ಜಿಲ್ಲಾ, ಇಂಡಿ ತಾಲೂಕು. ಜಿಐ ಟ್ಯಾಗ್ ಐತ್ರಿ ನಮಗ. ಆದ್ರೂ ಸಿಕ್ಕ ನೌಕರಿ ಏನು? ಹೊಸಾ ಕಾರಿನ ಗಾಲಿ ಕೆಳಗ ಅಪ್ಪಚ್ಚಿ ಆಗೂದು, ಅಂಗಡಿ ಬಾಗಲಕ್ಕ ಮೆಣಸಿನಕಾಯಿ ಜೋಡಿ ಜೋತಾಡೂದು. ಕಾಕ್‌ಟೇಲ್ ಅಂದ್ರ ಪ್ರಮೋಷನ್ನಾ.

ಡೈಕಿರಿ ಕ್ಯೂಬಾದ್ದು. ನಿಮಗೇನು ಸಂಬಂಧ?

ಸಂಬಂಧ ಏನ್ರೀ, ಬಳಗಾನ! ಸಾಂತಿಯಾಗೊ ಹತ್ರ ಡೈಕಿರಿ ಅಂತ ಊರು, ಕಬ್ಬಿಣದ ಗಣಿ. ಹತ್ತೊಂಬತ್ತನೇ ಶತಮಾನದ ಕೊನೀಗೆ ಅಲ್ಲಿದ್ದ ಜೆನಿಂಗ್ಸ್ ಕಾಕ್ಸ್ ಅನ್ನೂ ಅಮೆರಿಕದ ಎಂಜಿನಿಯರ್ ರಮ್ಮು, ಸಕ್ಕರಿ, ಲಿಂಬಿ ಕೂಡಿಸಿದಾ ಅಂತ ಹೇಳ್ತಾರ. ಆ ಲಿಂಬಿ ನಮ್ಮಂಗ ಸಣ್ಣದು, ತೆಳು ಸಿಪ್ಪೀದು, ಬೀಜದ್ದು. ಅಮೆರಿಕದವರು ಕೀ ಲೈಮ್ ಅಂತಾರಲ್ಲ, ಅದೂ ನಾವೂ ಒಂದಾ ಜಾತಿ. ಏಷ್ಯಾದಿಂದ ಹೋದವರು. ನಿಮ್ಮ ಯಜಮಾನ್ರು ಮಾತ್ರ ಪರದೇಶದ ದಪ್ಪಂದಾ ಬೇಕಂತ ಮಾಲ್ ಎಲ್ಲಾ ತಿರುಗಿ ಬಂದ್ರು.

ಫ್ರಿಜ್ಜಿನಲ್ಲಿ ಲೈಮ್ ಕಾರ್ಡಿಯಲ್ ಬಾಟಲಿ ಇದೆಯಲ್ಲ?

ಅದರ ಜೋಡಿ ನಂದು ಹಳೇ ವ್ಯಾಜ್ಯ. 1867ರಾಗ ಸ್ಕಾಟ್ಲೆಂಡಿನ ಲಾಕ್ಲನ್ ರೋಸ್ ಅನ್ನಾಂವ ಮದ್ಯದ ಬದಲಿ ಸಕ್ಕರಿ ಹಾಕಿ ರಸ ಕೆಡದಂಗ ಇಡೂ ಪೇಟೆಂಟ್ ತಗೊಂಡ, ಅದರಿಂದಾನ ಈ ಕಾರ್ಡಿಯಲ್. ಅದಾ ವರ್ಷ ಬ್ರಿಟಿಷ್ ಹಡಗಿನವರಿಗೆ ರಸ ಕುಡಸಬೇಕಂತ ಕಾಯ್ದೆನೂ ಬಂತು, ಸ್ಕರ್ವಿ ರೋಗಕ್ಕ ಅಂಜಿ. ತಿಂಗಳಗಟ್ಲೆ ಸಮುದ್ರದಾಗ ಇರೋರಿಗೆ ಬಾಟ್ಲಿ ಬೇಕು, ಒಪ್ಪಿದೆ. ಕೋರಮಂಗಲದ ಮೂರನೇ ಮಹಡ್ಯಾಗ ಎಲ್ಲೀ ಸ್ಕರ್ವಿ? ಗಿಮ್ಲೆಟ್ ಅನ್ನೂ ಕಾಕ್‌ಟೇಲ್ ಮಾಡ್ತೀರಿ, ಬಾಟ್ಲಿ ತಗೀರಿ, ಅದು ಅದರ ಮನಿ. ಡೈಕಿರಿಗೆ ಕರೀಬ್ಯಾಡ್ರಿ.

ಹಿಂದಿನ ರಾತ್ರಿಯೇ ಹಿಂಡಿಟ್ಟರೆ ಅತಿಥಿಗಳು ಬಂದಾಗ ಸುಲಭವಲ್ಲವೇ?

ನಾಕು ತಾಸು ಇಟ್ರ ನಡೀತೈತಿ. ಹಂಗಿಟ್ಟದ್ದಾ ರುಚಿ ಅಂತ ವಾದಿಸೋ ಬಾರಿನವರೂ ಅದಾರ. ರಾತ್ರಿ ಕಳೀತಂದ್ರ ಘಮ ಹೋತು, ಕಹಿ ಬಂತು. ಹುಳಿ ಮಾತ್ರ ಹಂಗಾ ಇರ್ತೈತಿ, ಅದಾ ಮೋಸ. ನಾಲಿಗಿ ಬದುಕೇತಿ ಅಂತೈತಿ, ಮೂಗು ಸತ್ತೈತಿ ಅಂತೈತಿ. ಮತ್ತ ಗಂಡಸ್ತನ ತೋರಸಾಕ ಸಿಪ್ಪಿ ಹರಿಯೂಹಂಗ ಹಿಂಡ್ತಾರ್ರೀ, ಒಳಗಿನ ಬಿಳೀ ಪದರದ ಕಹಿ ಎಲ್ಲಾ ಗ್ಲಾಸಿಗೆ!

ಅಳತೆ?

ರಮ್ಮು 60 ಎಂಎಲ್ ಆದ್ರ ರಸ 30, ಸಕ್ಕರಿ ಪಾಕ 20. ನಾವು ಸಣ್ಣಾವು, ಒಂದರಾಗ 30 ಬರೂದು ಕಷ್ಟ, ಎರಡು ಕೊಯ್ರಿ. ರಸ ಇದ್ದದ್ದನ್ನ ಚಮಚದಾಗ ಕಲಕಬಾರದು, ಐಸ್ ಹಾಕಿ ಜೋರು ಕುಲುಕಬೇಕು. ಇಲ್ಲೇನ್ ನಡದೈತಿ? ಡ್ಯೂಟಿ ಫ್ರೀ ರಮ್ಮಿಗೆ ಸಾವಿರಗಟ್ಲೆ ಕೊಟ್ಟಾರ. ಬ್ಯಾಸಿಗ್ಯಾಗ ನನಗ ಹತ್ತು ರೂಪಾಯಿ ಅಂದಿದ್ದಕ್ಕ ಕಾಯಿಪಲ್ಲೆ ಮಾರೂ ಮುದುಕಿ ಜೋಡಿ ಜಗಳ ತಗದು, ನಾಕು ಗ್ಲಾಸಿಗೆ ಒಂದಾ ಹಣ್ಣು ತಂದಾರ. ಆ ಒಂದು ನಾನಾ.

ಕೊನೆಯದಾಗಿ ಓದುಗರಿಗೆ ಏನಾದರೂ…

ಓದುಗರು ಇರ್ಲಿ, ಚಾಕು ಬಂತು ನೋಡ್ರಿ! ಮಧ್ಯಾಹ್ನ ಉಳ್ಳಾಗಡ್ಡಿ ಹೆಚ್ಚಿದ್ದು ಅದು. ತೊಳೀರಿ ಅನ್ರಿ ಅವರಿಗೆ, ಲಗೂನ!