ಝೂಮಪ್ಪ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಯಾವ ಕಡೆ ಹೋದರೂ ಬಸ್‌ಸ್ಟ್ಯಾಂಡಿನ ಆಸುಪಾಸು ಒಂದು ಫೋಟೋ ಸ್ಟುಡಿಯೋ, ಅದರೊಳಗೊಬ್ಬ ಝೂಮಪ್ಪ ಇದ್ದೇ ಇರುತ್ತಾನೆ. ಅಪ್ಪ-ಅವ್ವ ಇಟ್ಟ ಹೆಸರು ಬೇರೆ. ಮದುವೆ, ಜವಳ, ಟ್ರ್ಯಾಕ್ಟರ್ ಜಗ್ಗಾಟ, ಪಂಚಾಯ್ತಿ ಮೆಂಬರರ ಹುಟ್ಟುಹಬ್ಬ ಯಾವುದರ ವಿಡಿಯೋ ಎಡಿಟ್ ಮಾಡಲು ಕೊಟ್ಟರೂ ‘ಧಡ್’ ಅಂತ ಹತ್ತಿರ ತಂದು ‘ಸರ್ರ್’ ಅಂತ ದೂರ ಒಗೆಯುತ್ತಾನೆ.

ಕಸುಬು ಸರಳ. ಟೈಮ್‌ಲೈನಿನಲ್ಲಿ ಎರಡು ಕೀಫ್ರೇಮ್: ಚಿತ್ರದ ಅಳತೆ ಒಂದರಲ್ಲಿ ನೂರು, ಇನ್ನೊಂದರಲ್ಲಿ ಇನ್ನೂರು ಪರ್ಸೆಂಟ್. ನಡುವೆ ಐದೇ ಫ್ರೇಮು. ಸೆಕೆಂಡಿಗೆ 25ರ ಲೆಕ್ಕದಲ್ಲಿ ಸೆಕೆಂಡಿನ ಐದನೇ ಒಂದು ಪಾಲು. ಮೇಲಿಷ್ಟು ಮೋಷನ್ ಬ್ಲರ್, ಒಂದು ‘ಹೂಶ್’ ಸದ್ದು. 1920×1080ರ ಚಿತ್ರವನ್ನು ಹೀಗೆ ಇಮ್ಮಡಿ ಹಿಗ್ಗಿಸಿದರೆ ಉಳಿಯುವುದು 960×540, ಅಂದರೆ ಕಾಲು ಭಾಗ ಪಿಕ್ಸೆಲ್. ಮದುಮಗನ ಮೀಸೆ ಕಾಡಿಗೆ ಒರಸಿದಂತೆ ಕಂಡರೆ ಅದು ಮೀಸೆಯ ತಪ್ಪಲ್ಲ.

ಹಾಂಗ್‌ಕಾಂಗಿನ ಶಾ ಬ್ರದರ್ಸ್ ಕುಂಗ್‌ಫೂ ಚಿತ್ರಗಳು 1970ರ ದಶಕದಲ್ಲೇ ಈ ಆಟ ಆಡಿದ್ದವು. ಆಮೇಲೆ ಅತ್ತೆ-ಸೊಸೆ ಧಾರಾವಾಹಿಗಳು ಒಂದೇ ಮುಖಕ್ಕೆ ಮೂರು ಸಲ ನುಗ್ಗಿದವು. ಝೂಮಪ್ಪನ ಗುರು ಮಾತ್ರ ಮೊಬೈಲು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಒಂದು ಹೊತ್ತು ಊಟ ಬಿಟ್ಟ. ಮರುತಿಂಗಳು ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಬಿಟ್ಟದ್ದನ್ನೂ ಸೇರಿಸಿ ಉಂಡ.

ಪ್ರೀ-ವೆಡ್ಡಿಂಗ್ ಶೂಟಿಂಗಿಗೆ ಅಣ್ಣಿಗೇರಿಯ ಅಮೃತೇಶ್ವರ ಗುಡಿಯೇ ಬೇಕು. ಚಾಲುಕ್ಯರ ಕಾಲದ ಗುಡಿ, 76 ಕಂಬ. ವಿಡಿಯೋದಲ್ಲಿ ಒಂದು ಕಂಬವೂ ನಿಂತಲ್ಲಿ ನಿಲ್ಲುವುದಿಲ್ಲ. ಸ್ಪಷ್ಟವಾಗಿ ಕಾಣುವುದು ಹುಡುಗನ ಗಾಗಲ್ ಒಂದೇ.

ಕುಂದಗೋಳದ ಝೂಮಪ್ಪನದು ಇನ್ನೂ ದೊಡ್ಡ ಸಾಹಸ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು, ಭೀಮಸೇನ ಜೋಶಿ ಆ ಗುರುವಿನ ಮನೆಯಲ್ಲಿದ್ದು ಕಲಿತ ಊರು. ಅಲ್ಲಿಯ ಬೈಠಕ್ಕಿನ ವಿಲಂಬಿತ್ ಖ್ಯಾಲನ್ನು ಎಡಿಟ್ ಮಾಡಲು ಕೊಟ್ಟರೆ ಗಾಯಕರು ಸಮ್‌ಗೆ ಬರುವುದರೊಳಗೆ ಎಂಟು ಝೂಮು. ಕೇಳಿದರೆ, “ಹಾಡು ಭಾಳ ಸ್ಲೋ ಐತ್ರಿ, ಅದಕ್ಕ ನಾನ ಓಡ್ಸೇನಿ!”

ಖರೇ ಹೇಳಬೇಕೆಂದರೆ, ಕಾರಹುಣ್ಣಿಮೆಗೆ ಕರಿ ಹರಿಯುವಾಗ ಅವನ ಕೈಗೆ ಸಾಟಿಯಿಲ್ಲ. ಧೂಳೆಬ್ಬಿಸಿ ಬರುವ ಎತ್ತು, ಅದಕ್ಕೊಂದು ಝೂಮು. ನೋಡುವವನು ಕೂತಲ್ಲೇ ಹಿಂದೆ ಸರಿಯಬೇಕು. ಅಲ್ಲಿ ಎತ್ತು ಓಡುತ್ತಿರುತ್ತದೆ. ಮದುವೆ ಮಂಟಪದಲ್ಲಿ ಓಡುವುದು ಅವನ ಸಾಫ್ಟ್‌ವೇರ್ ಮಾತ್ರ.

ಮದುವೆ ಇಟ್ಟುಕೊಂಡವರು ಅಡ್ವಾನ್ಸ್ ಕೊಡುವಾಗಲೇ ಮೂಲ ಫುಟೇಜನ್ನು ಪೆನ್‌ಡ್ರೈವಿಗೆ ಹಾಕಿಕೊಡಲು ಹೇಳಿಬಿಡಿ. ಅಕ್ಕಿಕಾಳು ಹಾಕಿದ ಆಯಿಯ ಮುಖ ಅದರಲ್ಲಾದರೂ ಸಿಗುತ್ತದೆ.